ಅಡ್ವೆಂಟ್ ಅಂದ್ರೆ ಬರೀ ಸ್ಟಾರ್ ಕಟ್ಟೋದಾ? ನಿಮ್ಮನೇಲಿ ಏನೇನು ಮಾಡ್ತಿದ್ರಿ?

ನಾಲ್ಕನೇ_ಮಹಡಿ (ಬೆಂಗಳೂರು) · ನವೆಂಬರ್ 24, 2025

ಅಡ್ವೆಂಟ್ ಅಂದ್ರೆ ಕ್ರಿಸ್ಮಸ್‌ಗೆ ಮುಂಚೆ ಕಾಯೋ ಆಗಮನ ಕಾಲ. ಈ ವರ್ಷ ನವೆಂಬರ್ 30ಕ್ಕೇ ಅದರ ಮೊದಲ ಭಾನುವಾರ ಬಂದಿದೆ. ನಮ್ಮನೇಲಿ ಮಗಳಿಗೆ ಏಳು, ಮಗನಿಗೆ ನಾಲ್ಕು. ಪಕ್ಕದ ಬ್ಲಾಕಿನ ಹುಡುಗಿ ಹತ್ರ ಚಾಕೊಲೇಟ್ ಕ್ಯಾಲೆಂಡರ್ ಇದೆ ಅಂತ ಇಬ್ಬರೂ ಹಠ ಹಿಡಿದ್ರು, ತಂದುಕೊಟ್ಟೆ. ಪ್ರತಿ ಪುಟ್ಟ ಬಾಗಿಲ ಹಿಂದೆ ಒಂದು ಚಾಕೊಲೇಟ್, ದಿನಕ್ಕೊಂದೇ ಬಾಗಿಲು ತೆಗೀಬೇಕು, ಹೀಗೆ 24 ದಿನ ಕಾಯ್ಬೇಕು ಅಂತ ಕೂರಿಸಿಕೊಂಡು ಹೇಳಿದ್ದೂ ಆಯ್ತು. ಸ್ನಾನ ಮುಗಿಸಿ ಬಂದು ನೋಡ್ತೀನಿ, ಸೋಫಾ ಹಿಂದೆ ಕೂತು ಡಿಸೆಂಬರ್ 24ರ ತನಕ ತಿಂದು ಮುಗಿಸಿದಾರೆ. ಇನ್ನೂ ನವೆಂಬರ್ರೇ ಮುಗಿದಿಲ್ಲ!

ನಾನು ಬೆಳೆದಿದ್ದು ಕನಕಪುರದ ಕಡೆ ಹಳ್ಳಿಲಿ. ಚರ್ಚಿನಲ್ಲಿ ನೇರಳೆ ಬಟ್ಟೆ ಹಾಕ್ತಿದ್ರು, ‘ಎಚ್ಚರವಾಗಿರಿ’ ಅನ್ನೋ ಶುಭಸಂದೇಶ ಓದ್ತಿದ್ರು. ಮನೇಲಿ ಅಮ್ಮ ಒಂದು ಹಳೇ ತಟ್ಟೇಲಿ ಏನೋ ಬೆಳೆಸೋರು, ಮುಟ್ಟಿದ್ರೆ ಬೈಯೋರು. ಅದೇನು, ಯಾಕೆ ಅಂತ ಕೇಳೋಣ ಅಂದ್ರೆ ಅಮ್ಮ ಈಗಿಲ್ಲ. ಅಂಗಡಿಯಿಂದ ಏನೂ ತರದೆ, ಮಕ್ಕಳು ಕೈಯಾರೆ ಮಾಡೋ ಅಂಥದ್ದು ನಿಮ್ಮನೇಲಿ ಏನಿತ್ತು? ಯಾವ ಸಭೆಯವರಾದ್ರೂ ಪರವಾಗಿಲ್ಲ, ಹೇಳಿ.

ಎರಡನೇ_ಬೆಂಚು

24 ಬಾಗಿಲೂ ಒಂದೇ ದಿನ! ನಿಮ್ಮ ಮಕ್ಕಳಿಗೆ ಯೇಸುವಿನ ಎರಡನೇ ಬರೋಣ ತೀರಾ ಹತ್ತಿರ ಇದೆ ಅಂತ ಗೊತ್ತಾಗಿದೆ ಸಾರ್.

ಕುಡ್ಲದ_ಬಾಯಿ (ಮಂಗಳೂರು)

ನಮ್ಮಲ್ಲಿ ಹುಲ್ಲುಕಡ್ಡಿ ಉಂಟಿತ್ತು ಮಾರಾಯ್ರೆ. ಅಡ್ವೆಂಟ್ ಶುರುವಾದ ದಿನ ಅಜ್ಜಿ ಒಂದು ಖಾಲಿ ಗೋದಲಿ ತಂದು ಅಲ್ತಾರಿನ (ದೇವರ ಪೀಠದ) ಕೆಳಗೆ ಇಡುವುದು. ಗೋದಲಿ ಅಂದರೆ ಎಂತ, ರಟ್ಟಿನ ಚಪ್ಪಲಿ ಡಬ್ಬಿ. ಯಾರಾದರೂ ಒಂದು ಒಳ್ಳೆ ಕೆಲಸ ಮಾಡಿದರೆ ಒಂದು ಬೈಹುಲ್ಲಿನ ಕಡ್ಡಿ ಅದರಲ್ಲಿ ಹಾಕಬೇಕು. ಬಾಲ ಯೇಸುವಿಗೆ ಹಾಸಿಗೆ. ಕೆಲಸ ಎಂತದ್ದು ಅಂತ ಬಾಯಿ ಬಿಡ್ಲಿಕ್ಕಿಲ್ಲ, ಹೇಳಿದರೆ ಕಡ್ಡಿ ವಾಪಸ್.

ನನ್ನ ತಮ್ಮ ಒಂದು ಸಾಯಂಕಾಲ ಹಟ್ಟಿಗೆ ಹೋಗಿ ಒಂದು ಹಿಡಿ ಹುಲ್ಲು ತಂದು ಇಡೀ ಡಬ್ಬಿ ತುಂಬಿಸಿ ಬಿಟ್ಟ. ಅಜ್ಜಿ ಬೈಯಲಿಲ್ಲ. ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಅವನನ್ನು ಕೂರಿಸಿ, ‘ಒಂದೊಂದೇ ಹೇಳು’ ಅಂತ ಕಡ್ಡಿ ಒಂದೊಂದೇ ತೆಗೀಲಿಕ್ಕೆ ಶುರು ಮಾಡಿದರು. ಐದು ಹೇಳುವಷ್ಟರಲ್ಲಿ ಅವನಿಗೆ ಅಳು. ಉಳಿದದ್ದನ್ನು ದನಕ್ಕೆ ಹಾಕಿ ಬಂದ. ಅದನ್ನೇ ಆರನೇ ಕಡ್ಡಿ ಅಂತ ಅಜ್ಜಿ ಲೆಕ್ಕಕ್ಕೆ ಹಿಡಿದರು!

ನಾಲ್ಕನೇ_ಮಹಡಿ

ಇದು ನಮ್ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಅಪಾರ್ಟ್‌ಮೆಂಟಲ್ಲಿ ಹುಲ್ಲೆಲ್ಲಿ ತರಲಿ?

ಎರಡನೇ_ಬೆಂಚು

ತೆಂಗಿನಪೊರಕೆ ಕಡ್ಡಿ. ಬಾಲ ಯೇಸು ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾರೆ.

ಬೆಟಗೇರಿ_ತಮ್ಮ (ಗದಗ)

ನಮ್ದು ಬಾಸೆಲ್ ಮಿಶನ್ ಮನೆತನರೀ, ಅಂದ್ರ ಸ್ವಿಸ್ ಪ್ರೊಟೆಸ್ಟಂಟ್ ಮಿಶನರಿಗೋಳ ಸಭಾದವ್ರು. ಮುತ್ತಜ್ಜನ ಕಾಲದಿಂದ ಬೆಟಗೇರಿ ಸಭಾದಾಗ ಅದೀವಿ. ನಮ್ಮ ಮನ್ಯಾಗ ಹಿಡಿಯಕ್ಕಿ ಐತಿ. ವರ್ಷಪೂರ್ತಿನೂ ಇರತೈತಿ, ಆದ್ರ ಆಗಮನದ ನಾಕು ವಾರ ಬ್ಯಾರೆ ಡಬ್ಬಿ. ಅವ್ವ ಅನ್ನಕ್ಕ ಇಡೂ ಮುಂದ ಅಳತಿ ಅಕ್ಕಿಯೊಳಗಿಂದನ ಒಂದು ಹಿಡಿ ತಗದು ಆ ಡಬ್ಬಿಗೆ ಹಾಕತಿದ್ಲು. ಮ್ಯಾಲಿಂದು ಹೆಚ್ಚಿಗಿ ತಗದು ಹಾಕೂದಲ್ಲ, ನಾವು ಉಣ್ಣೂದರಾಗಿಂದ ತಗೀಬೇಕು, ಅಂದ್ರ ಅವತ್ತು ಒಬ್ಬರಿಗೆ ಒಂದು ತುತ್ತು ಕಡಿಮಿ. ಅದ ಅದರ ಅರ್ಥ ಅಂತ ಹೇಳಾಕಿ. ನಾಕನೇ ಐತವಾರ ಎಲ್ಲಾರ ಡಬ್ಬಿನೂ ಗುಡಿಗೆ (ಚರ್ಚಿಗೆ) ಹೋಗತಾವ, ಅಲ್ಲಿಂದ ಇಲ್ಲದವರ ಮನಿಗೆ.

ನಿಮ್ಮ ನಾಕು ವರ್ಷದ ಮಗನ ಮುಷ್ಟಿ ಸಣ್ಣದಿರತೈತಿ, ಅವನ ಕೈಲೆ ಹಾಕಸ್ರಿ. ಅಕ್ಕಿ ಚೆಲ್ಲತಾನ, ಚೆಲ್ಲಲಿ ಬಿಡ್ರಿ.

ದ್ರಾಕ್ಷಿಬಳ್ಳಿ77

ಒಂದು ಪ್ರಶ್ನೆ. ಯಾರೂ ಬೇಜಾರಾಗಬೇಡಿ. ಅಡ್ವೆಂಟ್ ಆಚರಿಸಿ ಅಂತ ಬೈಬಲ್‌ನಲ್ಲಿ ಎಲ್ಲಿದೆ? ನಮ್ಮ ಸಭೆಯಲ್ಲಿ ಇದ್ಯಾವುದೂ ಇಲ್ಲ. ಮೇಣದಬತ್ತಿ, ಬಣ್ಣದ ಬಟ್ಟೆ ಎಲ್ಲ ಮನುಷ್ಯರ ಸಂಪ್ರದಾಯ.

ಗಂಟೆ_ಕಟ್ಟೆ

ಎಲ್ಲೂ ಇಲ್ಲ. ಡಿಸೆಂಬರ್ 25 ಅನ್ನೋ ತಾರೀಕೂ ಇಲ್ಲ. ನಿಮ್ಮ ಸಭೆಯಲ್ಲಿ ಅವತ್ತು ಕೇಕ್ ಕತ್ತರಿಸ್ತೀರೋ ಇಲ್ವೋ?

ದ್ರಾಕ್ಷಿಬಳ್ಳಿ77

ಕತ್ತರಿಸ್ತೀವಿ. 🙂

ಗಂಟೆ_ಕಟ್ಟೆ

ಹಾಗಿದ್ರೆ ಇಬ್ಬರೂ ಒಂದೇ ದೋಣಿಯಲ್ಲಿದೀವಿ ಬಿಡಿ.

ಮೇಲೆ ಬೆಟಗೇರಿಯವರು ‘ನಾಕು ವಾರ’ ಅಂದ್ರು. ನಾಲ್ಕು ಭಾನುವಾರ ಅನ್ನಿ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ, ಅದಕ್ಕೆ ಯಾವ ಭಾನುವಾರ ಹತ್ತಿರವೋ ಅದೇ ಮೊದಲನೆಯದು. ಹಾಗಾಗಿ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಎಲ್ಲಾದ್ರೂ ಬೀಳಬಹುದು. 2022ರಲ್ಲಿ ಪೂರ್ತಿ 28 ದಿನ ಸಿಕ್ತು. 2023ರಲ್ಲಿ ಬರೀ 22. ಆ ವರ್ಷ ನಾಲ್ಕನೇ ಭಾನುವಾರವೇ ಡಿಸೆಂಬರ್ 24, ಬೆಳಿಗ್ಗೆ ಅಡ್ವೆಂಟ್ ಪೂಜೆ, ರಾತ್ರಿ ಕ್ರಿಸ್ಮಸ್ ಪೂಜೆ, ಚರ್ಚ್ ಸಾಮಾನು ನೋಡಿಕೊಳ್ಳೋ ನಮ್ಮ ಸಕ್ರಿಸ್ಟನ್ ಮಧ್ಯಾಹ್ನ ನೇರಳೆ ಬಟ್ಟೆ ಎಳೆದು ಬಿಳಿ ಹಾಸೋವಾಗ ಬೆವರು ಸುರಿಸ್ತಿದ್ದ. ಈ ವರ್ಷ 25 ದಿನ. ಹೊಸ ಪೂಜಾವರ್ಷವೂ ಅವತ್ತೇ ಶುರು, ಭಾನುವಾರಗಳಲ್ಲಿ ಈ ಸಲ ಮತ್ತಾಯನ ಸುವಾರ್ತೆ.

ಇನ್ನು ಉಪವಾಸ. ಈಗ ಮರೆತಿದೀವಿ, ಆದ್ರೆ ಒಂದು ಕಾಲಕ್ಕೆ ಇದು ಈಸ್ಟರ್ ಮುಂಚಿನ ಉಪವಾಸದ ದಿನಗಳ ಥರ ಸಣ್ಣ ತಪಸ್ಸುಕಾಲವೇ ಆಗಿತ್ತು. ಆರನೇ ಶತಮಾನದಲ್ಲಿ ಫ್ರಾನ್ಸಿನ ಮಾಕೋನ್‌ನಲ್ಲಿ ಬಿಷಪ್ಪರು ಸೇರಿ, ಸಂತ ಮಾರ್ಟಿನ್ ಹಬ್ಬ ಅಂದ್ರೆ ನವೆಂಬರ್ 11ರಿಂದ ಕ್ರಿಸ್ಮಸ್ ತನಕ ಸೋಮವಾರ, ಬುಧವಾರ, ಶುಕ್ರವಾರ ಉಪವಾಸ ಅಂತ ನಿಯಮ ಮಾಡಿದ್ರು. ಮಿಲಾನ್‌ನಲ್ಲಿ ಇವತ್ತಿಗೂ ಆರು ವಾರದ ಅಡ್ವೆಂಟ್. ನಾವೋ, ಡಿಸೆಂಬರ್ 1ರಿಂದಲೇ ಪ್ಲಮ್ ಕೇಕ್ ಹೊಡೆಯೋಕೆ ಶುರು.

ಬೆಳ್ತಂಗಡಿ_ರಬ್ಬರ್

ನಾವು ಸೀರೋ ಮಲಬಾರ್, ಕೇರಳ ಮೂಲದ ಕಥೋಲಿಕರು. ಅಪ್ಪನ ಕಡೆಯವರು ಕೇರಳದಿಂದ ಬಂದು ಇಲ್ಲಿ ತೋಟ ಮಾಡಿದವರು. ನಮ್ಮಲ್ಲಿ ಇಪ್ಪತ್ತೈದು ನೋಂಬು ಈಗಲೂ ಉಂಟು. ಡಿಸೆಂಬರ್ 1ರಿಂದ ಮೀನು, ಮಾಂಸ ಇಲ್ಲ. ನೀವು ಭಾನುವಾರ ಲೆಕ್ಕ ಹಾಕಿಕೊಂಡು ಕೂರಬೇಕು, ನಮಗೆ ತಾರೀಕು ಗ್ಯಾರಂಟಿ. 24ರ ನಡುರಾತ್ರಿ ಪೂಜೆ ಮುಗಿಸಿ ಬಂದು ಅಮ್ಮ ಬಾಣಲೆ ಇಟ್ಟರೆ ಆ ವಾಸನೆಗೆ ನಾಯಿಯೂ ಎದ್ದು ಕೂರುತ್ತದೆ.

ಕುಡ್ಲದ_ಬಾಯಿ

25 ದಿನ ಮೀನಿಲ್ಲದೆ! ನಾನು ನಿಮಗೆ ನಮಸ್ಕಾರ ಮಾಡ್ತೇನೆ.

ಮೈಸೂರು_ಆಲ್ಟೋ

ಅಡ್ವೆಂಟ್ ವಿಷಯ ಬಂತು ಅಂತ ಕೇಳ್ತೀನಿ. ನಿಮ್ಮಲ್ಲಿ ಕ್ಯಾರಲ್ ರೌಂಡ್ಸ್ ಯಾವಾಗಿಂದ? ನಮ್ಮ ಗಾನವೃಂದ ಡಿಸೆಂಬರ್ 5ಕ್ಕೇ ಹೊರಡುತ್ತೆ.

ಗಂಟೆ_ಕಟ್ಟೆ

ಅದೇ ನನ್ನ ಹೊಟ್ಟೆಯುರಿ. ಗೋದಲಿ ಖಾಲಿ ಇದೆ, ಇವರು ಮನೆಮನೆಗೆ ಹೋಗಿ ‘ಹುಟ್ಟಿದನು’ ಅಂತ ಹಾಡ್ತಾರೆ. ಪೂಜೆಯಲ್ಲಿ ಈ ನಾಲ್ಕೂ ಭಾನುವಾರ ಗ್ಲೋರಿಯಾ ಹಾಡಲ್ಲ, ಯಾಕೆ? ಅದು ದೇವದೂತರು ಕುರುಬರಿಗೆ ಹಾಡಿದ ಹಾಡು, ಆ ರಾತ್ರಿಗೇ ಅಂತ ಎತ್ತಿಟ್ಟಿರ್ತೀವಿ. ಬಾಗಿಲಾಚೆ ಹೋದ ತಕ್ಷಣ ಸಾಂತಾ ಟೋಪಿ, ಡೋಲು, ಸ್ಪೀಕರ್. 26ನೇ ತಾರೀಕು ಬಂದ್ರೆ ಎಲ್ಲರಿಗೂ ಸುಸ್ತು, ನಿಜವಾದ ಕ್ರಿಸ್ಮಸ್ ಕಾಲ ಆಗ ತಾನೇ ಶುರುವಾಗಿರುತ್ತೆ.

ಮೈಸೂರು_ಆಲ್ಟೋ

ನಿಯಮ ನನಗೂ ಗೊತ್ತಣ್ಣ. ಆದ್ರೆ ನಮ್ಮ ಪಟ್ಟಿಯಲ್ಲಿ ಒಬ್ಬರು ಅಜ್ಜಿ ಇದಾರೆ. ಮಕ್ಕಳು ಇಬ್ಬರೂ ಹೊರದೇಶ. ನಾವು ಹೋಗೋ ದಿನ ಮಧ್ಯಾಹ್ನವೇ ಗೇಟಿನ ಚಿಲಕ ತೆಗೆದು ಕೂತಿರ್ತಾರೆ, ಇಪ್ಪತ್ತು ಲೋಟ ಎಣಿಸಿ ಜೋಡಿಸಿ. ಹೋದ ವರ್ಷ ನಾವು ಮುಟ್ಟಿದಾಗ ರಾತ್ರಿ ಹನ್ನೊಂದೂವರೆ, ಅಜ್ಜಿ ಕುರ್ಚಿಲೇ ನಿದ್ದೆ ಹೋಗಿದ್ರು, ಚಿಲಕ ಮಾತ್ರ ಹಾಕಿರ್ಲಿಲ್ಲ. ಶುಭಸಂದೇಶದ ‘ಎಚ್ಚರವಾಗಿರಿ’ ಅನ್ನೋದಕ್ಕೆ ಇದಕ್ಕಿಂತ ಏನು ಬೇಕು? ಇನ್ನೂರ ನಲವತ್ತು ಮನೆ ಇದೆ, 24ರ ಒಂದೇ ರಾತ್ರಿ ಮುಗಿಸೋಕೆ ನಾವೇನು ಸಾಂತಾನಾ?

ಗಂಟೆ_ಕಟ್ಟೆ

ಅಜ್ಜಿ ಮನೆಗೆ ಹೋಗಿ. ಬೇಡ ಅಂದೋರು ಯಾರು? ಆಗಮನದ ಹಾಡು ಹಾಡಿ ಅಂತ ಅಷ್ಟೇ.

ಮೈಸೂರು_ಆಲ್ಟೋ

ಆಗಮನದ ಹಾಡು ನಮ್ಮ ಗಾನವೃಂದಕ್ಕೆ ಬರೋದೇ ಮೂರು. ಅದರಲ್ಲೊಂದರ ಹೈ ನೋಟ್ ನಮ್ಮ ಟೆನರ್‌ಗೆ ಸಿಗಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಜರ್ಮನಿಯಿಂದ ಒಂದೆರಡು ಮಾತು, ಯಾಕಂದ್ರೆ ನಮ್ಮ ಚರ್ಚುಗಳಲ್ಲಿ ಈಗ ಕಾಣೋ ಅಡ್ವೆಂಟ್ ಸಾಮಾನಿನಲ್ಲಿ ಬಹಳಷ್ಟು ಹೊರಟಿದ್ದೇ ಇಲ್ಲಿಂದ. ಅಡ್ವೆಂಟ್ ಚಕ್ರ, ಅಂದ್ರೆ ಭಾನುವಾರಕ್ಕೊಂದು ಹೊತ್ತಿಸೋ ನಾಲ್ಕು ಮೇಣದಬತ್ತಿ ಇರೋ ಹಸಿರು ಸುರುಳಿ, ಅಂದ ಕೂಡಲೇ ಏನೋ ಪುರಾತನ ಅಂದ್ಕೋತೀವಿ. ಹಾಗೇನಿಲ್ಲ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಅನ್ನೋ ಪಾದ್ರಿ ದಿಕ್ಕಿಲ್ಲದ ಬಡಮಕ್ಕಳಿಗೆ ಒಂದು ಆಶ್ರಮ ನಡೆಸ್ತಿದ್ರು. ಡಿಸೆಂಬರ್ ಬಂತು ಅಂದ್ರೆ ಮಕ್ಕಳದು ಒಂದೇ ವರಾತ: ‘ಕ್ರಿಸ್ಮಸ್ ಇನ್ನೆಷ್ಟು ದಿನ?’ ಅವರು ಒಂದು ಹಳೇ ಗಾಡಿಚಕ್ರ ತಗೊಂಡು, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ ನಾಲ್ಕು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಸಿಕ್ಕಿಸಿದ್ರು. ದಿನಕ್ಕೊಂದು ಹೊತ್ತಿಸಿ ಮಕ್ಕಳೇ ಎಣಿಸಿಕೊಳ್ಳಲಿ ಅಂತ. ಹಸಿರು ಎಲೆ ಸೇರಿದ್ದು ಆಮೇಲೆ. ನಾಲ್ಕಕ್ಕಿಳಿದಿದ್ದೂ ಆಮೇಲೆ.

ಅಂದ್ರೆ ನಾಲ್ಕನೇ ಮಹಡಿಯವರ ಮನೆ ಸಮಸ್ಯೆ 1839ರದ್ದೇ.

ಚಾಕೊಲೇಟ್ ಕ್ಯಾಲೆಂಡರಿನ ಮೂಲವೂ ಇಲ್ಲೇ. ಮೊದಲು ಮನೆಬಾಗಿಲಿಗೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು ದಿನಕ್ಕೊಂದು ಅಳಿಸ್ತಿದ್ರು. ಅಚ್ಚಾಗಿ ಬಂದಿದ್ದು ಇಪ್ಪತ್ತನೇ ಶತಮಾನದ ಶುರುವಲ್ಲಿ, ಚಾಕೊಲೇಟ್ ಹೊಕ್ಕಿದ್ದು ಇನ್ನೂ ತಡವಾಗಿ. ಸೀಮೆಸುಣ್ಣ ತಿನ್ನೋಕಾಗಲ್ಲ ನೋಡಿ, ಅದೊಂದು ಅನುಕೂಲ.

ಎರಡನೇ_ಬೆಂಚು

ನಾನು ಒಂದನೇ ಕ್ಲಾಸಲ್ಲಿ ತಿಂದಿದೀನಿ.

ಬೆಟಗೇರಿ_ತಮ್ಮ

ಬಾಸೆಲ್‌ನವರು ಮಂಗಳೂರಿಗೆ ಬಂದಿದ್ದು 1834ರಾಗ. ಅಂದ್ರ ಅವರು ಬಂದು ಐದು ವರ್ಷಕ್ಕ ಆ ಚಕ್ರ ಹುಟ್ಟೇತಿ. ನಾವು ಇದನ್ನ ಮಿಶನರಿಗೋಳು ಗಂಟು ಕಟಗೊಂಡು ತಂದಾರಂತ ತಿಳಕೊಂಡಿದ್ವಿ!

ನೈಟ್_ಡ್ಯೂಟಿ (ಕುವೈತ್)

ಇಲ್ಲಿ ನಮಗೆ ಶುಕ್ರವಾರ ರಜೆ, ಭಾನುವಾರದ ಪೂಜೆ ಶುಕ್ರವಾರವೇ ಆಗ್ತದೆ. ಹಾಗಾಗಿ ಅಡ್ವೆಂಟ್ 28ಕ್ಕೇ ಶುರು, ನಿಮಗಿಂತ ಎರಡು ದಿನ ಮೊದಲು. ಹಾಸ್ಟೆಲ್ ರೂಮಲ್ಲಿ ಬೆಂಕಿ ಹೊತ್ತಿಸ್ಲಿಕ್ಕೆ ಬಿಡುವುದಿಲ್ಲ. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬ್ಯಾಟರಿ ಬತ್ತಿ, ಮೂರಕ್ಕೆ ನೇರಳೆ ರಿಬ್ಬನ್, ಒಂದಕ್ಕೆ ಗುಲಾಬಿ. ನಾವು ನಾಲ್ವರು, ಶಿಫ್ಟ್ ಬೇರೆಬೇರೆ. ಯಾರು ಡ್ಯೂಟಿ ಮುಗಿಸಿ ಬರ್ತಾರೋ ಅವರು ಸ್ವಿಚ್ ಒತ್ತಿ ಒಂದು ‘ನಮೋ ಮರಿಯಾ’ ಹೇಳಿ ಮಲಗುವುದು. ಹೋದ ವರ್ಷ ಮೂರನೇ ವಾರಕ್ಕೇ ಒಂದು ಬತ್ತಿಯ ಸೆಲ್ ಖಾಲಿ. ರಿಮೋಟಿಂದ ತೆಗೆದು ಹಾಕಿದೆವು, ಕ್ರಿಸ್ಮಸ್ ತನಕ ಟೀವಿ ಚಾನೆಲ್ ಬದಲಾಯಿಸಲಿಲ್ಲ.

ದ್ರಾಕ್ಷಿಬಳ್ಳಿ77

ಇದು ಚೆನ್ನಾಗಿದೆ. ಆದ್ರೆ ಒಂದಕ್ಕೆ ಮಾತ್ರ ಗುಲಾಬಿ ಯಾಕೆ?

ಗಂಟೆ_ಕಟ್ಟೆ

ಮೂರನೇ ಭಾನುವಾರದ್ದು. ಲ್ಯಾಟಿನ್ ಪೂಜೆಯ ಪ್ರವೇಶಗೀತೆ ‘ಗೌದೇತೆ’ ಅಂತ ಶುರುವಾಗುತ್ತೆ, ಸಂತೋಷಪಡಿರಿ ಅಂತ ಅರ್ಥ, ಪೌಲ ಫಿಲಿಪ್ಪಿಯವರಿಗೆ ಬರೆದ ಮಾತು. ಅರ್ಧಕ್ಕಿಂತ ಹೆಚ್ಚು ದಾರಿ ಬಂದಾಯ್ತು, ಸ್ವಲ್ಪ ಉಸಿರಾಡ್ಕೊಳ್ಳಿ ಅಂತ ನೇರಳೆಗೆ ಒಂದು ದಿನ ಬಿಡುವು. ಬತ್ತಿಗಳಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಅಂತ ಹೆಸರಿಡ್ತಾರಲ್ಲ, ಅದು ರೂಢಿ ಅಷ್ಟೇ, ಪೂಜಾವಿಧಿಯಲ್ಲಿಲ್ಲ. ನಾಲ್ಕೂ ಬಿಳಿ ಇಟ್ರೂ ಯಾರೂ ಹೊರಗೆ ಹಾಕಲ್ಲ.

ರಾಗಿಹೊಲದಕ್ಕ

ನಾಲ್ಕನೇ ಮಹಡಿ ತಮ್ಮಾ, ನಿಮ್ಮಮ್ಮ ತಟ್ಟೇಲಿ ಬೆಳೆಸ್ತಿದ್ದುದು ರಾಗಿ ಕಣಪ್ಪ. ಇಷ್ಟು ಜನ ಜರ್ಮನಿ, ಮಿಲಾನ್ ಅಂತ ಸುತ್ತಿ ಬಂದ್ರು, ಮನೆಮುಂದಿನ ರಾಗಿ ಯಾರಿಗೂ ಕಾಣ್ಲಿಲ್ಲ ನೋಡು.

ಗೋದಲಿ ಮುಂದೆ ಹಸಿರು ಗದ್ದೆ ಬೇಕಲ್ಲ, ಕುರಿ ಮೇಯೋಕೆ, ಅದಕ್ಕೆ. ನಮ್ಮತ್ತೆ ಹೇಳ್ಕೊಟ್ಟಿದ್ದು: ಬತ್ತ ಆದ್ರೆ ಡಿಸೆಂಬರ್ 8ಕ್ಕೆ, ಅಮಲೋದ್ಭವಿ ಮಾತೆ ಹಬ್ಬದ ದಿನ ಹಾಕು. ರಾಗಿ ಬೇಗ ಬರುತ್ತೆ, 12, 13ಕ್ಕೆ ಹಾಕಿದ್ರೆ ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೇಲಿ ಕಟ್ಟಿಡು. ಮೊಳಕೆ ಮೂತಿ ಬಿಳಿಯಾಗಿ ಕಾಣ್ತಿದ್ದ ಹಾಗೆ ತಟ್ಟೆಗೆ ಮಣ್ಣು, ಜರಡಿ ಹಿಡಿದ ಗೊಬ್ಬರ ಬೆರೆಸಿ ಒಂದು ಬೆರಳು ದಪ್ಪ ಹರಡು. ಮೇಲೆ ರಾಗಿ ಒತ್ತೊತ್ತಾಗಿ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚು. ನೀರನ್ನ ಸುರೀಬೇಡ, ಕೈಯಲ್ಲಿ ಚಿಮುಕಿಸು. ಎರಡು ದಿನ ಕತ್ತಲಲ್ಲಿಡು, ಆಮೇಲೆ ಬೆಳಕಿಗೆ. ಬೆಳಕಿಗೆ ತರೋದು ಮರೆತ್ರೆ ಹಳದಿಯಾಗಿ ಕಡ್ಡಿ ಥರ ಉದ್ದ ಹೋಗಿ ಬಿದ್ದೋಗುತ್ತೆ.

ನಮ್ಮತ್ತೆ ನೀರು ಚಿಮುಕಿಸೋ ಕೆಲಸ ಮನೇಲಿ ಚಿಕ್ಕವರು ಯಾರೋ ಅವರಿಗೇ ಕೊಡೋರು. ಕಾಯೋದು ಅಂದ್ರೆ ಏನು ಅಂತ ಬಾಯಲ್ಲಿ ಹೇಳೋದಕ್ಕಿಂತ ಇದು ಸುಲಭ, ಎಳೆದ್ರೆ ಬೆಳೆಯಲ್ಲ ಅಂತ ಅವಕ್ಕೇ ಗೊತ್ತಾಗುತ್ತೆ.

ನಾಲ್ಕನೇ_ಮಹಡಿ

ಅಕ್ಕಾ. ರಾಗಿ! ಎನಾಮಲ್ ತಟ್ಟೆ, ನೀಲಿ ಅಂಚು, ಒಂದು ಕಡೆ ಸಿಪ್ಪೆ ಎದ್ದು ಕಪ್ಪಾಗಿತ್ತು. ಈಗ ಕಣ್ಣಿಗೆ ಕಟ್ತಿದೆ. ನೀರು ಹಾಕ್ತಿದ್ದೋನು ನಾನೇ.

ಸ್ಟುಟ್‌ಗಾರ್ಟ್_ಕನ್ನಡಿಗ

ರಾಗಿಹೊಲದಕ್ಕ, ಕ್ಷಮಿಸಿ, ಇನ್ನೊಂದು ಸುತ್ತು ಹೊಡೀತೀನಿ. ಫ್ರಾನ್ಸಿನ ಪ್ರೊವಾನ್ಸ್ ಕಡೆ ಡಿಸೆಂಬರ್ 4ಕ್ಕೆ, ಸಂತ ಬಾರ್ಬರಾ ದಿನ, ತಟ್ಟೆಯಲ್ಲಿ ಗೋಧಿ ಹಾಕ್ತಾರೆ. ಹಂಗೇರಿ, ಕ್ರೊಯೇಷಿಯಾದಲ್ಲಿ 13ಕ್ಕೆ, ಸಂತ ಲೂಸಿ ದಿನ. ನಿಮ್ಮತ್ತೆಯ ತಾರೀಕಿಗೆ ಸರಿಯಾಗಿ ಹೊಂದುತ್ತೆ. ಇಲ್ಲಿ ಜರ್ಮನಿಯಲ್ಲಿ 4ನೇ ತಾರೀಕು ಚೆರ್ರಿ ಕೊಂಬೆ ಕಡಿದು ನೀರಲ್ಲಿಡ್ತಾರೆ, ಕ್ರಿಸ್ಮಸ್‌ಗೆ ಹೂ ಬಿಡುತ್ತೆ.

ರಾಗಿಹೊಲದಕ್ಕ

ನಮ್ಮತ್ತೆ ಚನ್ನಪಟ್ಟಣ ದಾಟಿದೋರಲ್ಲ. ಹಂಗೇರಿಯೋರು ಅವರ ಹತ್ರ ಕಲ್ತಿರಬೇಕು.

ಎರಡನೇ_ಬೆಂಚು

😂😂 ಇಲ್ಲಿಗೆ ಚರ್ಚೆ ಮುಕ್ತಾಯ.

ಕುಡ್ಲದ_ಬಾಯಿ

ಮುಕ್ತಾಯ ಎಂತದ್ದು, ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ವಿಷಯವೇ ಬರಲಿಲ್ಲ. ಅಡ್ವೆಂಟಲ್ಲಿ ಮಕ್ಕಳಿಗೆ ಬೇರೆ ಕೆಲಸ ಹುಡುಕ್ಲಿಕ್ಕೆ ಯಾಕೆ? ಕಿಡಿಯೋ ಸುತ್ತಲಿಕ್ಕೆ ಕೂರಿಸಿ. ಫೋರ್ಕಿನ ಹಿಂಬದಿಗೆ ಹಿಟ್ಟು ಒತ್ತಿ ಸುರುಳಿ ಮಾಡುವುದು, ಎರಡು ಗಂಟೆ ಸದ್ದಿಲ್ಲ.

ಮೈಸೂರು_ಆಲ್ಟೋ

ಅದು ಕಲ್‌ಕಲ್.

ಕುಡ್ಲದ_ಬಾಯಿ

ಕಿಡಿಯೋ. ಕಿಡಿ ಅಂದರೆ ಹುಳ, ಹುಳದ ಹಾಗೆ ಕಾಣ್ತದೆ.

ಮೈಸೂರು_ಆಲ್ಟೋ

ಹುಳ ಅಂತ ಹೇಳಿ ತಿನ್ನಿಸ್ತೀರಾ? ನಮ್ಮದು ಕಲ್‌ಕಲ್ಲೇ ಇರಲಿ.

ಗಂಟೆ_ಕಟ್ಟೆ

ಮಾಡಿ, ಆದ್ರೆ ಡಬ್ಬಿ ಮುಚ್ಚಳ 24ಕ್ಕೆ ತೆಗೀರಿ. ನಮ್ಮಮ್ಮ ಡಬ್ಬಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಡೋರು. ಅಷ್ಟೂ ದಿನ ಮನೆ ತುಂಬ ಎಣ್ಣೆ, ಏಲಕ್ಕಿ ವಾಸನೆ, ಕೈಗೆ ಮಾತ್ರ ಸಿಗ್ತಿರ್ಲಿಲ್ಲ. ನನಗೆ ಗೊತ್ತಿರೋ ಅಡ್ವೆಂಟ್ ಅಂದ್ರೆ ಆ ಅಟ್ಟವೇ.

ಇನ್ನೊಂದು, ದೊಡ್ಡವರಿಗೆ. ಡಿಸೆಂಬರ್ 17ರಿಂದ 23ರ ತನಕ ಸಂಜೆ ಪ್ರಾರ್ಥನೆಯಲ್ಲಿ ದಿನಕ್ಕೊಂದು ‘ಓ’ ಕರೆ ಇದೆ. ಓ ಜ್ಞಾನವೇ, ಓ ಪ್ರಭುವೇ, ಓ ಜೆಸ್ಸೆಯನ ಬುಡವೇ, ಓ ದಾವೀದನ ಬೀಗದಕೈಯೇ, ಓ ಅರುಣೋದಯವೇ, ಓ ಜನಾಂಗಗಳ ಅರಸನೇ, ಕೊನೆಗೆ ಓ ಇಮ್ಮಾನುವೇಲನೇ. ಲ್ಯಾಟಿನ್‌ನಲ್ಲಿ ಇವುಗಳ ಮೊದಲಕ್ಷರಗಳನ್ನ ಕೊನೆಯಿಂದ ಹಿಂದಕ್ಕೆ ಓದಿದ್ರೆ ‘ಏರೋ ಕ್ರಾಸ್’ ಅಂತಾಗುತ್ತೆ, ‘ನಾಳೆ ಬಂದಿರುತ್ತೇನೆ’ ಅಂತ. ಏಳು ದಿನ ಕರೆದ ಮೇಲೆ ಸಿಗೋ ಉತ್ತರ. ಒಂದು ಚೀಟಿಗೆ ಒಂದು ಬರೆದು ಫ್ರಿಡ್ಜ್ ಮೇಲೆ ಅಂಟಿಸಿ, ಏಳು ವರ್ಷದ ಹುಡುಗಿ ಓದ್ತಾಳೆ.

ದ್ರಾಕ್ಷಿಬಳ್ಳಿ77

ಇದು ಬೈಬಲ್‌ನಲ್ಲಿದೆ. ಹೆಚ್ಚೂಕಡಿಮೆ ಎಲ್ಲ ಯೆಶಾಯನೇ. ನಾನೂ ಅಂಟಿಸ್ತೀನಿ.

ನಾಲ್ಕನೇ_ಮಹಡಿ · ಡಿಸೆಂಬರ್ 21

ವರದಿ ಒಪ್ಪಿಸ್ತೀನಿ. ಮೊದಲ ಸಲ ಹಾಕಿದ ರಾಗಿ ಎರಡೇ ದಿನಕ್ಕೆ ಪಾರಿವಾಳದ ಪಾಲಾಯ್ತು. ಬಾಲ್ಕನಿಲಿಟ್ಟಿದ್ದು ನನ್ನದೇ ತಪ್ಪು. 14ಕ್ಕೆ ಇನ್ನೊಂದು ಸಲ ಹಾಕಿದ್ವಿ, ಅಡುಗೆಮನೆ ಕಿಟಕಿ ಹತ್ರ. ಈಗ ಒಂದು ಬೆರಳು ಎತ್ತರ ಇದೆ. ಬೆಳಿಗ್ಗೆ ನೋಡಿದ್ರೆ ಪ್ರತಿ ಎಲೆ ತುದೀಲಿ ಒಂದೊಂದು ಹನಿ ನಿಂತಿರುತ್ತೆ, ಎಣಿಸೋದ್ರಲ್ಲಿ ಮಗಳಿಗೆ ಸ್ಕೂಲ್ ವ್ಯಾನ್ ಎರಡು ಸಲ ತಪ್ಪಿದೆ.

ಪೊರಕೆಕಡ್ಡಿ ಡಬ್ಬಿಯಲ್ಲಿ ಹನ್ನೊಂದು ಕಡ್ಡಿ ಆಗಿದೆ. ಅದರಲ್ಲಿ ನನ್ನದು ಒಂದೇ. ಹಿಡಿಯಕ್ಕಿ ಡಬ್ಬಿ ತುಂಬಿದೆ, ನೆಲದ ಮೇಲೆ ಅದಕ್ಕಿಂತ ಜಾಸ್ತಿ ಇದೆ. ಗೋದಲಿಲಿ ಯೋಸೇಫ, ಮರಿಯ, ಕತ್ತೆ ಬಂದಾಯ್ತು, ಮಗು ಬೊಂಬೆಯನ್ನ 24ರ ರಾತ್ರಿಗೆ ಅಂತ ಸಕ್ಕರೆ ಡಬ್ಬಿ ಹಿಂದೆ ಬಚ್ಚಿಟ್ಟಿದೀನಿ. ಮಗ ದಿನಾ ಎದ್ದ ತಕ್ಷಣ ಬಂದು ‘ಬಂದ್ನಾ?’ ಅಂತ ರಾಗಿ ಪೈರು ಬಗ್ಗಿಸಿ ಒಳಗೆ ನೋಡ್ತಾನೆ. ಇಲ್ಲ ಅಂದ್ರೆ ನೀರು ಚಿಮುಕಿಸಿ ಹೋಗ್ತಾನೆ.

ಕುಡ್ಲದ_ಬಾಯಿ

ಸಕ್ಕರೆ ಡಬ್ಬಿ ಹಿಂದೆ ಇಟ್ಟರೆ ಸಿಕ್ಕಿಬೀಳ್ತೀರಿ. ಆ ಮಕ್ಕಳ ಚರಿತ್ರೆ ಗೊತ್ತುಂಟಲ್ಲ.

ನೈಟ್_ಡ್ಯೂಟಿ

ಫೋಟೋ ಹಾಕಿ ಅಣ್ಣ, ಇಲ್ಲಿ ರಾಗಿ ಸಿಗುವುದಿಲ್ಲ. ಮೆಂತೆ ಹಾಕಿದ್ದೇವೆ.

ರಾಗಿಹೊಲದಕ್ಕ

ದಿನಾ ಚಿಮುಕಿಸ್ತಾನೆ ಅಂತೀಯ, ತಟ್ಟೆ ಬಗ್ಗಿಸಿ ನೋಡು, ಕೆಳಗೆ ನೀರು ನಿಂತಿದ್ರೆ ಬಸಿದುಬಿಡು. ಬುಡ ಕೊಳೆತ್ರೆ 24ಕ್ಕೆ ನಿಲ್ಲಲ್ಲ. ಬಗ್ಗೋ ಹಾಗೆ ಕಂಡ್ರೆ ನಡು ಮಧ್ಯಕ್ಕೆ ಒಂದು ಕೆಂಪು ದಾರ ಸುತ್ತು.